ಮಗ್ಗ ನಿಂತ ಸದ್ದು

ತುಂಗಭದ್ರೆಯ ದಂಡೆಯಲ್ಲಿ ಒಬ್ಬ ಗುರು ಇದ್ದರು.

ಗುರು ಅಂದ ಕೂಡಲೇ ಗಡ್ಡ, ಕಮಂಡಲು, ಹುಲಿಚರ್ಮ ಅಂತ ನೆನೆಸಿಕೊಳ್ಳಬೇಡಿ. ಈ ಗುರು ಹೆಂಗಸು. ಹೆಸರು ಹಾಲಮ್ಮ. ಕೂರುತ್ತಿದ್ದದ್ದು ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಅದಕ್ಕೂ ಒಂದು ಕಾಲು ಸೊಟ್ಟ.

ರೇಡಿಯೋ ನಾಟಕಗಳಿಗೆ ಸದ್ದು ಮಾಡಿ ಬದುಕಿದವರು ಅವರು. ಮಳೆ ಬೇಕೆಂದರೆ ಮೊರದಲ್ಲಿ ಅಕ್ಕಿ ಆಡಿಸಿ ಮಳೆ ತರುತ್ತಿದ್ದರು. ಕುದುರೆ ಬೇಕೆಂದರೆ ತೆಂಗಿನ ಕರಟ ಬಡಿದು ಕುದುರೆ ಓಡಿಸುತ್ತಿದ್ದರು. ಕೆಲಸದಿಂದ ನಿವೃತ್ತಿಯಾದ ಮೇಲೆ ನದಿ ದಂಡೆಗೆ ಬಂದು ತಗಡಿನ ಮನೆ ಕಟ್ಟಿಕೊಂಡರು. ಸದ್ದಿನ ಕೆಲಸ ಕಲಿಯೋಕೆ ಹುಡುಗ ಹುಡುಗಿಯರು ಹುಡುಕಿಕೊಂಡು ಬಂದರು. ಊರವರು ತಮಾಷೆಗೆ ಅದನ್ನು ಆಶ್ರಮ ಅಂದರು. ಹೆಸರು ಅಂಟಿಕೊಂಡಿತು.

ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ಬಂದವರಿಗೆ ಮೈಕು ಮುಟ್ಟಿಸುತ್ತಿರಲಿಲ್ಲ. ನದಿಗೆ ಬೆನ್ನು ಹಾಕಿ ಕೂರಿಸುತ್ತಿದ್ದರು. ಹಿಂದೆ ಏನು ನಡೆಯುತ್ತಿದೆ ಅಂತ ಕಿವಿಯಲ್ಲೇ ನೋಡಿ ಹೇಳಬೇಕು. ತಿರುಗಿ ನೋಡಿದರೆ ಮತ್ತೆ ಮೊದಲಿಂದ ಶುರು.

ಇನ್ನೊಂದು ಪದ್ಧತಿಯೂ ಇತ್ತು. ಗುರುವಿನ ಸೀರೆಯನ್ನು ಶಿಷ್ಯರು ಮುಟ್ಟುವಂತಿಲ್ಲ. ಒಗೆಯುವುದೂ ಅವರೇ, ಹಿಂಡುವುದೂ ಅವರೇ. ಉದ್ದ ಸೀರೆ ಒಬ್ಬರೇ ಹಿಂಡೋದು ಹೇಗೆ? ದೋಣಿ ಕಟ್ಟೋಕೆ ಮೆಟ್ಟಿಲಿಗೆ ಹೊಡೆದಿದ್ದ ಕಬ್ಬಿಣದ ಬಳೆಗೆ ಒಂದು ತುದಿ ಸಿಕ್ಕಿಸಿ, ಇನ್ನೊಂದು ತುದಿ ಹಿಡಿದು ತಿರುಚುತ್ತಿದ್ದರು. ಯಾರಾದರೂ ಕೈ ಹಾಕಲು ಹೋದರೆ ಗದರುತ್ತಿದ್ದರು.

"ಬಿಡು. ಬೇಕಾದಾಗ ನಾನೇ ಕರೀತೀನಿ."

ಯಾರನ್ನಾದರೂ ಕರೆದದ್ದು ಮಾತ್ರ ಯಾರಿಗೂ ಗೊತ್ತಿಲ್ಲ.

ಒಂದು ಬೆಳಿಗ್ಗೆ ಹಳೇ ಶಿಷ್ಯೆ ವಿಶಾಲಾಕ್ಷಿ ಬಂದಳು. ಆಶ್ರಮದಲ್ಲಿ ಕಲಿತು, ಪಟ್ಟಣದ ಸ್ಟುಡಿಯೋಗಳಲ್ಲಿ ಬೇರೆಯವರ ಕೈಕೆಳಗೆ ವರ್ಷಗಟ್ಟಲೆ ದುಡಿದವಳು. ಈಗ ಒಂದು ಸಿನಿಮಾದ ಸದ್ದೆಲ್ಲ ಅವಳದ್ದೇ. ಅವಳ ಹೆಸರು ಪರದೆ ಮೇಲೆ ಬರಲಿದ್ದ ಮೊದಲ ಸಿನಿಮಾ ಅದು.

ಬಂದವಳು ನಮಸ್ಕಾರವನ್ನೂ ಮಾಡಲಿಲ್ಲ.

"ಅಮ್ಮಾ, ನೀವು ಹೇಳಿಕೊಟ್ಟದ್ದು ಸುಳ್ಳು," ಅಂದಳು.

"ಯಾವುದು?"

"ಸದ್ದಿಗಿಂತ ಮೌನ ದೊಡ್ಡದು ಅಂದಿದ್ರಿ. ಮೌನ ಹಾಕಿದೆ. ಮಾನ ಹೋಯ್ತು."

"ಹಾಗಂದಿದ್ನಾ? ಯಾವತ್ತೋ ಹಸಿವಾಗಿದ್ದಿರಬೇಕು. ತಿಂಡಿ ತಿಂದಿದ್ದೀಯಾ?"

"ತಮಾಷೆ ಮಾಡಬೇಡಿ ಅಮ್ಮಾ!"

ಹಾಲಮ್ಮ ಒಳಗೆ ಹೋಗಿ ಒಂದು ಲೋಟ ಕಾಫಿ ತಂದು ಅವಳ ಕೈಗೆ ಇಟ್ಟರು. "ಕುಡಿ. ಕುಡಿದು ಹೇಳು."

ವಿಶಾಲಾಕ್ಷಿ ಕುಡಿಯುತ್ತಲೇ ಹೇಳಿದಳು.

ಸಿನಿಮಾದಲ್ಲಿ ನೀಲವ್ವ ಅಂತ ಒಬ್ಬ ನೇಕಾರಳು. ಒಂಟಿ ಹೆಂಗಸು. ಊರಿನ ದೊಡ್ಡವನಿಗೆ ಅವಳ ಮನೆ ಜಾಗದ ಮೇಲೆ ಕಣ್ಣು. ಅವಳು ಬಿಟ್ಟುಕೊಡಲ್ಲ. ಒಂದು ಮಧ್ಯಾಹ್ನ ನೀಲವ್ವ ಮಗ್ಗದ ಮುಂದೆ ಕೂತಿರುವಾಗ ಹಿತ್ತಿಲ ಬಾಗಿಲು ತಾನಾಗಿ ತೆರೆದುಕೊಳ್ಳುತ್ತೆ. ಯಾರೋ ಒಳಗೆ ಬರುತ್ತಾರೆ. ಯಾರು, ಏನು ಮಾಡಿದರು ಅನ್ನೋದು ಸಿನಿಮಾದಲ್ಲಿದೆ. ಈಗ ಅವಳು ಸದ್ದು ಕೂಡಿಸಿದ್ದು ಸಿನಿಮಾದ ಟ್ರೇಲರ್‌ಗೆ, ಅದು ಆ ಬಾಗಿಲಿಗೇ ಮುಗಿಯುತ್ತೆ. ನೋಡಿದವರ ಎದೆ ಅಲ್ಲಿ ಹಿಡಿದುಕೊಳ್ಳಬೇಕು.

"ನಾನೇನು ಮಾಡಿದೆ ಅಂದರೆ, ಬಾಗಿಲು ತೆರೆಯೋವರೆಗೆ ಜೋರಾಗಿ ಮ್ಯೂಸಿಕ್ಕು. ಬಾಗಿಲು ತೆರೆದ ತಕ್ಷಣ ಎಲ್ಲಾ ಕಟ್. ಪೂರ್ತಿ ಸೊನ್ನೆ. ಆಮೇಲೆ ನಿರ್ಮಾಪಕರ ಬಲವಂತಕ್ಕೆ ಕೊನೆಯಲ್ಲಿ ಒಂದು ಢಂ."

"ಆಮೇಲೆ?"

"ನಿರ್ಮಾಪಕರು ಪರಮಶಿವಯ್ಯ ಅಂತ. ಇಲ್ಲೇ ಪಕ್ಕದ ಪೇಟೆಯಲ್ಲಿ ಅವರ ಥಿಯೇಟರ್ ಇದೆ. ಮ್ಯಾಟಿನಿ ಇಂಟರ್‌ವಲ್‌ನಲ್ಲಿ ಹಾಕಿ ನೋಡೋಣ ಅಂದರು. ಹಾಕಿದ್ವಿ. ಬಾಗಿಲು ತೆರೀತು, ಸದ್ದು ನಿಂತಿತು. ಜನ ಉಸಿರು ಬಿಗಿ ಹಿಡೀತಾರೆ ಅಂತ ನಾನು ಕಾಯ್ತಾ ಇದ್ದೀನಿ. ಹಿಂದಿನ ಸಾಲಿನಿಂದ ಒಬ್ಬ ಶಿಳ್ಳೆ ಹೊಡೆದ. 'ಲೇ, ಸೌಂಡ್ ಕೊಡ್ರಲೇ!' ಅಂದ. ಎಲ್ಲರೂ ಶುರು ಹಚ್ಕೊಂಡರು. ಸೌಂಡ್! ಸೌಂಡ್! ಆಪರೇಟರ್ ಪಾಪ, ಮಷೀನ್ ಕೆಟ್ಟಿದೆ ಅಂದುಕೊಂಡು ವಾಲ್ಯೂಮ್ ಕೊನೇವರೆಗೆ ಏರಿಸಿಬಿಟ್ಟ."

ಹಾಲಮ್ಮನ ತುಟಿ ಅದುರಿತು.

"ನಗಬೇಡಿ. ಅಷ್ಟರಲ್ಲಿ ಢಂ ಬಂತು. ಗೋಡೆ ಸುಣ್ಣ ಉದುರಬೇಕು, ಹಾಗೆ ಬಂತು. ಒಬ್ಬಳ ಕಂಕುಳಲ್ಲಿದ್ದ ಮಗು ಕಿಟಾರನೆ ಕಿರುಚಿತು. ಥಿಯೇಟರ್‌ಗೆ ಥಿಯೇಟರೇ ಬಿದ್ದು ಬಿದ್ದು ನಕ್ಕಿತು. ನೀಲವ್ವನ ಮನೆಗೆ ಯಾರೋ ನುಗ್ಗುತ್ತಾ ಇದ್ದಾರೆ, ಇವರು ನಗ್ತಾ ಇದ್ದಾರೆ!"

ಹಾಲಮ್ಮ ನಕ್ಕೇ ಬಿಟ್ಟರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ವಿಶಾಲಾಕ್ಷಿಗೆ ಮೈಯೆಲ್ಲಾ ಉರಿಯಿತು.

"ಈಗ ಪರಮಶಿವಯ್ಯ ಏನಂತಾರೆ?" ಕಣ್ಣೊರೆಸಿಕೊಂಡು ಕೇಳಿದರು.

"ಮೌನಗೀನ ಎಲ್ಲ ನಮಗೆ ಆಗಿಬರಲ್ಲ ಅಂತಾರೆ. ಬಾಗಿಲು ತೆರೆದರೆ ಢಂ. ಕತ್ತಿ ಕಂಡರೆ ಢಂ. ಪರದೆ ಮೇಲೆ ಅಕ್ಷರ ಬಂದರೆ ಢಂ. ಊರಲ್ಲಿ ಎಲ್ಲರೂ ಹಾಕ್ತಾರೆ, ನೀನೂ ಹಾಕು ಅಂತಾರೆ. ಭಾನುವಾರ ಮತ್ತೆ ಹಾಕಿ ನೋಡ್ತಾರಂತೆ. ನಾನು ಹಾಕಲಿಲ್ಲ ಅಂದರೆ ಬೇರೆ ಯಾರನ್ನೋ ಕರೆಸಿ ಹಾಕಿಸ್ತಾರಂತೆ. ಅವನ ಹೆಸರೇ ಬರುತ್ತಂತೆ, ನಂದು ಹೋಗುತ್ತಂತೆ."

"ಹಾಕು."

"ಅಮ್ಮಾ!"

"ಊರೆಲ್ಲ ಹಾಕ್ತಾರಲ್ಲ. ನೀನೂ ಹಾಕು. ನಿಂದೇನು ಗಂಟು ಹೋಗೋದು?"

"ಹಾಕಲ್ಲ."

"ಯಾಕೆ?"

"ಢಂ ಅಂದರೆ ಜನ ಬೆಚ್ಚಿ ಬೀಳ್ತಾರೆ, ಅಷ್ಟೇ. ಬಲೂನು ಒಡೆದರೂ ಬೆಚ್ಚಿ ಬೀಳ್ತಾರೆ. ಬೆಚ್ಚಿ ಬೀಳೋದೇ ಬೇರೆ, ಹೆದರೋದೇ ಬೇರೆ. ಅವರು ನೀಲವ್ವನಿಗೋಸ್ಕರ ಹೆದರಬೇಕು. ನಾನು ಹಾಕಲ್ಲ ಅಂದರೆ ಹಾಕಲ್ಲ."

ಹಾಲಮ್ಮನಿಗೆ ಈ ಮಾತು ಹಿಡಿಸಿತು. ಹಿಡಿಸಿದ್ದನ್ನು ತೋರಿಸಿಕೊಳ್ಳುವ ಪೈಕಿ ಅಲ್ಲ ಅವರು.

"ಸರಿ. ನದಿಗೆ ಬೆನ್ನು ಹಾಕಿ ಕೂತ್ಕೊ," ಅಂದರು.

"ಈಗಲೂನಾ? ನಾನೇನು ಹೊಸಬಳಾ? ಅದೆಲ್ಲ ಕಲಿತು ಮುಗಿಸಿದವಳು ನಾನು."

"ಮುಗಿಸಿದ್ದಕ್ಕೇ ಮಾನ ಹೋಯ್ತು. ಕೂತ್ಕೊ."

ವಿಶಾಲಾಕ್ಷಿ ಮುಖ ಊದಿಸಿಕೊಂಡು ಮೇಲಿನ ಮೆಟ್ಟಿಲ ಮೇಲೆ ಬೆನ್ನು ಹಾಕಿ ಕೂತಳು. ಹಾಲಮ್ಮ ಬಕೆಟ್ ಹಿಡಿದು ಕೆಳಗಿಳಿದರು. ಕೆಳಗಿನ ಮೆಟ್ಟಿಲುಗಳಲ್ಲಿ ಪಾಚಿ. ಅವರು ಇಳಿಯುವಾಗ ಒಂದೊಂದೇ ಕಾಲು ಊರಿ ಇಳಿಯುವುದು ವಿಶಾಲಾಕ್ಷಿಗೆ ಕೇಳಿಸಿತು. ವಯಸ್ಸಾಯ್ತು ಇವರಿಗೆ, ಅಂದುಕೊಂಡಳು.

ಸೀರೆ ಕಲ್ಲಿಗೆ ಬಿತ್ತು. ಥಪ್.

ಮತ್ತೆ ಎತ್ತಿದರು, ಕೈಬಳೆ ಸರಿಯಿತು, ಉಸಿರು ಬಿಟ್ಟರು. ಥಪ್.

ವಿಶಾಲಾಕ್ಷಿಗೆ ಸುಮ್ಮನೆ ಕೂರಲು ಆಗಲಿಲ್ಲ. ಬೆನ್ನು ಹಾಕಿಕೊಂಡೇ ಬೈಯಲು ಶುರು ಮಾಡಿದಳು. ಮೊದಲು ಪರಮಶಿವಯ್ಯನನ್ನು ಬೈದಳು. ಆಮೇಲೆ ನಿರ್ದೇಶಕನನ್ನು ಬೈದಳು, ಅವನು ನಿರ್ಮಾಪಕರ ಮುಂದೆ ತುಟಿ ಬಿಚ್ಚಲಿಲ್ಲ ಅಂತ. ಶಿಳ್ಳೆ ಹೊಡೆದವನನ್ನು ಬೈದಳು. ಥಪ್, ಥಪ್ ಅಂತ ಸೀರೆ ಬೀಳುತ್ತಲೇ ಇತ್ತು. ಬೈಗುಳಕ್ಕೆ ತಾಳ ಹಾಕಿದ ಹಾಗೆ ಇತ್ತು ಅದು.

"ಜನಕ್ಕೆ ರುಚಿನೇ ಇಲ್ಲ ಅಮ್ಮಾ. ಅವರಿಗೆ ಮೌನ ಅಂದರೆ ಏನು ಅಂತಲೇ ಗೊತ್ತಿಲ್ಲ. ಅಂಥವರಿಗೆ ನಾವು..."

ಥಪ್.

"ಅಂಥವರಿಗೆ ನಾವು ಎಷ್ಟು ಹೇಳಿದರೂ..."

ಅವಳ ಮಾತು ತಾನಾಗಿ ನಿಂತಿತು. ಏನೋ ಒಂದು ಬರಬೇಕಿತ್ತು, ಬರಲಿಲ್ಲ.

ಸೋಪು ಹಚ್ಚುತ್ತಿರಬೇಕು ಅಂದುಕೊಂಡಳು. ಸೋಪಿನ ಸದ್ದು ಇರಲಿಲ್ಲ. ನೀರಿಗೆ ಅದ್ದುತ್ತಿರಬೇಕು. ನೀರು ಕಲಕಿದ ಸದ್ದೂ ಇರಲಿಲ್ಲ. ಕೈಬಳೆಯ ಸದ್ದೂ ಇರಲಿಲ್ಲ.

"ಅಮ್ಮಾ?"

ನದಿ ತನ್ನ ಪಾಡಿಗೆ ತಾನು ಹರಿಯುತ್ತಿತ್ತು. ಆಚೆ ದಂಡೆಯಲ್ಲಿ ಪಂಪ್‌ಸೆಟ್ ಓಡುತ್ತಿತ್ತು.

"ಅಮ್ಮಾ!"

ಪಾಚಿ ನೆನಪಾಯಿತು. ವಿಶಾಲಾಕ್ಷಿ ತಿರುಗಿದಳು, ಎದ್ದಳು, ಚಪ್ಪಲಿ ಬಿಟ್ಟು ಮೆಟ್ಟಿಲು ಮೆಟ್ಟಿಲು ಹಾರಿ ಓಡಿದಳು.

ಕೊನೆಯ ಮೆಟ್ಟಿಲ ಮೇಲೆ ಹಾಲಮ್ಮ ಒದ್ದೆ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಆರಾಮಾಗಿ ಕೂತಿದ್ದರು. ಕಾಲು ನೀರಲ್ಲಿ ಇಳಿಬಿಟ್ಟಿದ್ದರು.

"ನಿಮಗೇನಾದ್ರೂ ಬುದ್ಧಿ ಇದೆಯಾ?" ವಿಶಾಲಾಕ್ಷಿ ಗಂಟಲು ಹರಿಯುವ ಹಾಗೆ ಕೂಗಿದಳು. "ಜಾರಿ ಬಿದ್ದಿರಿ ಅಂದುಕೊಂಡೆ! ನೀರು ಪಾಲಾದಿರಿ ಅಂದುಕೊಂಡೆ! ಪ್ರಾಣ ಹೋಯ್ತು ನಂದು!"

"ನಂದು ಇದೆ. ಕೂತ್ಕೊ."

ವಿಶಾಲಾಕ್ಷಿ ಕುಸಿದು ಕೂತಳು. ಅಳು ಬಂತು, ಅತ್ತಳು. ಹಾಲಮ್ಮ ಅಳಲು ಬಿಟ್ಟರು.

"ಯಾಕೆ ತಿರುಗಿದೆ?" ಆಮೇಲೆ ಕೇಳಿದರು.

"ಸದ್ದು ನಿಂತಿತು."

"ಎಲ್ಲಾ ಸದ್ದೂ ನಿಂತಿತಾ? ನದಿ?"

"ಇಲ್ಲ. ನದಿ ಇತ್ತು. ಪಂಪ್‌ಸೆಟ್ ಇತ್ತು."

"ಮತ್ತೆ?"

"ನೀವು ಇರಲಿಲ್ಲ."

"ಥಿಯೇಟರ್‌ನಲ್ಲಿ ನಿಂತದ್ದು ಯಾರ ಸದ್ದು?"

ವಿಶಾಲಾಕ್ಷಿ ಕಣ್ಣೊರೆಸಿಕೊಂಡಳು.

"ಮ್ಯೂಸಿಕ್ಕು," ಅಂದಳು.

"ಮ್ಯೂಸಿಕ್ ನಿಂತರೆ ಯಾರು ಓಡಿ ಬರ್ತಾರೆ?"

ವಿಶಾಲಾಕ್ಷಿ ತಲೆ ತಗ್ಗಿಸಿದಳು. "ಆಪರೇಟರ್."

"ಹೂಂ."

ಇದ್ದಕ್ಕಿದ್ದ ಹಾಗೆ ವಿಶಾಲಾಕ್ಷಿ ಹಣೆ ಹಣೆ ಚಚ್ಚಿಕೊಂಡಳು.

"ಅಯ್ಯೋ ನನ್ನ ಕರ್ಮವೇ! ಮಗ್ಗ!"

"ಯಾವ ಮಗ್ಗ?"

"ನೀಲವ್ವನದ್ದು! ಶೂಟಿಂಗ್ ಮಾಡಿದ್ದು ನಿಜವಾದ ನೇಕಾರರ ಮನೆಯಲ್ಲಿ ಅಮ್ಮಾ. ಅವಳು ನೇಯ್ತಾನೇ ಮಾತಾಡ್ತಾಳೆ. ಪ್ರತಿ ಮಾತಿನ ಹಿಂದೆಯೂ ಕಟಕ್ ಲಟಕ್, ಕಟಕ್ ಲಟಕ್ ಅಂತ ಇತ್ತು. ಗಲಾಟೆ ಅಂತ ನಾನೇ ತೆಗೆದುಬಿಟ್ಟೆ. ವಾರಗಟ್ಟಲೆ ಕೂತು ಒಂದೊಂದು ಮಾತಿನ ಹಿಂದಿಂದಲೂ ಮಗ್ಗ ಒರೆಸಿ ಹಾಕಿದೆ. ಸ್ಟುಡಿಯೋದಲ್ಲಿ ಮೊದಲು ಕಲಿಸೋದೇ ಅದು, ಮಾತು ಕ್ಲೀನಾಗಿ ಬರಬೇಕು ಅಂತ."

"ಬಂತಾ?"

"ಬಂತು. ಬೋಗುಣಿ ತೊಳೆದಿಟ್ಟ ಹಾಗೆ ಬಂತು. ಅವಳು ಆ ಮನೆಯಲ್ಲಿ ಇಲ್ಲದ ಹಾಗೆ ಬಂತು."

"ಒರೆಸಿದ್ದು ಸಿಗುತ್ತಾ?"

"ಶೂಟಿಂಗ್ ದಿನದ ಮೂಲ ಸದ್ದು ಭದ್ರವಾಗಿದೆ."

"ಮತ್ತೆ ಇಲ್ಲೇನು ಮಾಡ್ತಿದ್ದೀಯ?"

ವಿಶಾಲಾಕ್ಷಿ ಎದ್ದಳು. ಹೋಗುವ ಮುಂಚೆ ಗುರುವಿನ ಮಡಿಲಲ್ಲಿದ್ದ ಸೀರೆಗೆ ಕೈ ಚಾಚಿದಳು. "ಹಿಂಡಿಕೊಟ್ಟು ಹೋಗ್ತೀನಿ ಅಮ್ಮಾ."

"ಬಿಡು. ಬೇಕಾದಾಗ ನಾನೇ ಕರೀತೀನಿ."

ಭಾನುವಾರ ಬಂತು. ಅದೇ ಥಿಯೇಟರ್, ಅದೇ ಮ್ಯಾಟಿನಿ, ಅದೇ ಇಂಟರ್‌ವಲ್. ಜನ ಮಂಡಕ್ಕಿ ಮಿರ್ಚಿ ಪೊಟ್ಟಣ ಹಿಡಿದು ಒಳಗೆ ಬಂದು ಕೂತರು.

ವಿಶಾಲಾಕ್ಷಿ ಆಪರೇಟರ್ ಕೋಣೆಯಲ್ಲಿ ಅವನ ಪಕ್ಕ ನಿಂತಳು. ಪರದೆ ನೋಡಲಿಲ್ಲ. ಆಪರೇಟರ್ ಕೈ ನೋಡುತ್ತಾ ನಿಂತಳು.

ಟ್ರೇಲರ್ ಶುರುವಾಯಿತು. ಈ ಸಲ ಮ್ಯೂಸಿಕ್ ಇಲ್ಲ. ಮೊದಲ ಚಿತ್ರದಿಂದಲೇ ಮಗ್ಗ. ಕಟಕ್ ಲಟಕ್. ಊರ ದೊಡ್ಡವನು ಬಂದು ನಯವಾಗಿ ಮಾತಾಡಿದ, ಮಗ್ಗ ನಡೆಯಿತು. ಬೆದರಿಸಿದ, ಮಗ್ಗ ನಡೆಯಿತು. ಅಂಗಳದಲ್ಲಿ ಕತ್ತಿ ಹೊಳೆಯಿತು, ಮಗ್ಗ ಇನ್ನೂ ಜೋರಾಗಿ ನಡೆಯಿತು. ನಿನ್ನ ಕೈಲಾದದ್ದು ಮಾಡ್ಕೋ ಹೋಗೋ ಅಂದ ಹಾಗಿತ್ತು ಆ ಸದ್ದು. ಹಿಂದಿನ ಸಾಲಿನಲ್ಲಿ ಯಾರೋ "ಹಾಂಗ ಇರ್ಬೇಕು!" ಅಂದರು.

ಹಿತ್ತಿಲ ಬಾಗಿಲು ತೆರೆಯಿತು. ಮಗ್ಗ ನಡೆಯುತ್ತಲೇ ಇತ್ತು. ನೀಲವ್ವನಿಗೆ ಬಾಗಿಲು ಕೇಳಿಸಿಲ್ಲ. ಪರದೆಯ ಮೇಲೆ ಈಗ ಬಾಗಿಲು ಮಾತ್ರ, ನೀಲವ್ವ ಕಾಣುತ್ತಿಲ್ಲ. ಕಟಕ್ ಲಟಕ್. ಕಟಕ್ ಲಟಕ್.

ಕಟಕ್.

ಲಟಕ್ ಬರಲಿಲ್ಲ.

ಮನೆಯಲ್ಲಿ ಬೇರೆಲ್ಲಾ ಇತ್ತು. ಬಚ್ಚಲಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಹಿತ್ತಿಲಲ್ಲಿ ಕೋಳಿ ಕೆದಕುತ್ತಿತ್ತು. ಬೀದಿಯಲ್ಲಿ ದೂರ ಯಾರೋ ಸೈಕಲ್ ಬೆಲ್ ಹೊಡೆದರು.

ಆಪರೇಟರ್ ಕೈ ವಾಲ್ಯೂಮ್ ಗುಂಡಿಯವರೆಗೆ ಹೋಯಿತು. ವಿಶಾಲಾಕ್ಷಿ ಉಸಿರು ಬಿಗಿ ಹಿಡಿದಳು. ಕೈ ಗುಂಡಿಯ ಮೇಲೆ ಬಂತು, ಮುಟ್ಟಿತು, ಹಾಗೇ ನಿಂತಿತು. ಅವನ ಕಣ್ಣು ಪರದೆ ಬಿಟ್ಟಿರಲಿಲ್ಲ.

ಕೆಳಗೆ ಮಂಡಕ್ಕಿ ಅಗಿಯುವ ಸದ್ದು ನಿಂತಿತ್ತು. ಇಡೀ ಥಿಯೇಟರ್‌ನಲ್ಲಿ ಒಂದು ಬಾಯಿಯೂ ಆಡುತ್ತಿರಲಿಲ್ಲ.

ಕತ್ತಲಲ್ಲಿ ಕೂತಿದ್ದ ಜನರ ನಡುವಿಂದ ಒಬ್ಬ ಮುದುಕಿಯ ಕೂಗು ಬಂತು. "ನೀಲವ್ವಾ! ಏನಾಯ್ತವ್ವಾ ನನ್ನ ತಾಯೀ!"

ಪರದೆ ಕಪ್ಪಾಯಿತು. ಯಾರೂ ನಗಲಿಲ್ಲ.

ಹೊರಗೆ ಪರಮಶಿವಯ್ಯ ಟವೆಲ್‌ನಿಂದ ಕತ್ತು ಒರೆಸಿಕೊಳ್ಳುತ್ತಾ ನಿಂತಿದ್ದರು. ಬೆವರಿದ್ದರು.

"ಏನಮ್ಮಾ, ಚಲೋ ಐತಿ. ಒಪ್ಪಿದೆ," ಅಂದರು. "ಆದ್ರೆ ಕೊನೆಗೊಂದು ಢಂ ಹಾಕು."

"ಹಾಕಲ್ಲ."

"ಒಂದೇ ಒಂದು."

"ಅರ್ಧವೂ ಹಾಕಲ್ಲ."

"ಯಾರ ಸಿನಿಮಾ ಇದು?"

"ನಿಮ್ಮದು."

"ಮತ್ತೆ?"

"ಮಗ್ಗ ನೀಲವ್ವಂದು. ಅದು ನಿಂತ ಮೇಲೆ ಬರೋದನ್ನ ಮುಟ್ಟೋಕೆ ನಿಮಗೂ ಹಕ್ಕಿಲ್ಲ, ನನಗೂ ಹಕ್ಕಿಲ್ಲ."

ಪರಮಶಿವಯ್ಯನ ಮುಖ ಕೆಂಪಾಯಿತು. ಸುತ್ತ ನಾಲ್ಕು ಜನ ನಿಂತಿದ್ದರು, ಆಪರೇಟರ್ ಕೂಡ ಇಳಿದು ಬಂದಿದ್ದ. ಅವರೆಲ್ಲರ ಮುಂದೆ ಒಬ್ಬ ಹುಡುಗಿ ಹೀಗೆ ಮಾತಾಡಿಬಿಟ್ಟಳಲ್ಲ!

"ಹಾಕಲಿಲ್ಲ ಅಂದ್ರೆ ನಿನ್ನ ಹೆಸರು ಇರಂಗಿಲ್ಲ. ಮೊದಲೇ ಹೇಳೀನಿ."

"ತೆಗೀರಿ," ಅಂದಳು ವಿಶಾಲಾಕ್ಷಿ. "ಹೆಸರು ತೆಗೀರಿ. ಮಗ್ಗ ಮುಟ್ಟಬೇಡಿ."

ಪರಮಶಿವಯ್ಯನಿಗೆ ಇದು ಬರುತ್ತೆ ಅಂತ ಗೊತ್ತಿರಲಿಲ್ಲ. ಆದರೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಗಂಡಸು ಅವರಲ್ಲ.

"ಆಯ್ತು. ಮಗ್ಗ ಇರ್ಲಿ. ಹೆಸರು ಹೋಗ್ಲಿ," ಅಂದು ಟವೆಲ್ ಕೊಡವಿ ಹೊರಟರು.

ಮಾರನೆಯ ದಿನ ವಿಶಾಲಾಕ್ಷಿ ನದಿ ದಂಡೆಗೆ ಬಂದಳು. ಹಾಲಮ್ಮ ಕೆಳಗಿನ ಮೆಟ್ಟಿಲಲ್ಲಿ ಸೀರೆ ಒಗೆಯುತ್ತಿದ್ದರು. ಈ ಸಲ ವಿಶಾಲಾಕ್ಷಿ ಕಾಲಿಗೆ ಬಿದ್ದಳು. ಥಿಯೇಟರ್‌ನಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಮಂಡಕ್ಕಿ ನಿಂತದ್ದು ಕೇಳಿ ಹಾಲಮ್ಮನ ಕಣ್ಣು ಅರಳಿತು. ಮುದುಕಿ ಕೂಗಿದ್ದನ್ನು ಎರಡು ಸಲ ಹೇಳಿಸಿಕೊಂಡರು.

"ಭೇಷ್," ಅಂದರು. "ಹೆಸರು?"

"ಬಿಟ್ಟುಕೊಟ್ಟೆ."

"ಏನು?"

"ಹೆಸರು ಬಿಟ್ಟುಕೊಟ್ಟೆ ಅಮ್ಮಾ. ಕೆಲಸ ಉಳೀತು. ಅಷ್ಟು ಸಾಕು ನನಗೆ." ಹೇಳುತ್ತಾ ವಿಶಾಲಾಕ್ಷಿ ತಲೆ ಬಾಗಿಸಿದಳು.

ಇಂಥ ಕಥೆಗಳಲ್ಲಿ ಇಲ್ಲಿಗೆ ಗುರು ಶಿಷ್ಯೆಯ ತಲೆ ಸವರಬೇಕು. ಹಾಲಮ್ಮ ಒದ್ದೆ ಸೀರೆಯ ಸೆರಗನ್ನು ಎತ್ತಿ ಅವಳ ಮುಖಕ್ಕೆ ಫಟಾರನೆ ಬೀಸಿದರು.

"ತ್ಯಾಗ ಮಾಡು ಅಂತ ಯಾವಳು ಹೇಳಿದಳು ನಿನಗೆ?"

ವಿಶಾಲಾಕ್ಷಿ ಮುಖದ ನೀರು ಒರೆಸಿಕೊಂಡು ದಂಗಾಗಿ ನಿಂತಳು.

"ಅಮ್ಮಾ, ಢಂ ಹಾಕಲಿಲ್ಲವಲ್ಲ ನಾನು!"

"ಹಾಕಲಿಲ್ಲ. ಸರಿ. ನೀನು ಮೊದಲ ಸಲ ಹಾಕಿದ ಸೊನ್ನೆಯಲ್ಲಿ ಯಾರಿದ್ರು?"

"ಯಾರೂ ಇರಲಿಲ್ಲ."

"ಏನಾಯ್ತು?"

"ಆಪರೇಟರ್ ವಾಲ್ಯೂಮ್ ಏರಿಸಿದ."

"ಈಗ ನಿನ್ನ ಹೆಸರಿನ ಜಾಗದಲ್ಲಿ ಯಾರಿದ್ದಾರೆ?"

ವಿಶಾಲಾಕ್ಷಿ ಒದ್ದೆ ಮುಖವನ್ನು ಮತ್ತೆ ಒರೆಸಿಕೊಂಡಳು.

"ನಾಳೆ ಇನ್ನೊಬ್ಬ ಬರ್ತಾನೆ. ಆ ಖಾಲಿ ಜಾಗ ನೋಡ್ತಾನೆ. ಇದು ಯಾರದ್ದೂ ಅಲ್ಲ ಅಂತ ನಿನ್ನ ಮಗ್ಗದ ಮೇಲೆ ಢಂ ಹಾಕ್ತಾನೆ. ಆಗ ಬೇಡ ಅನ್ನೋಳು ಯಾರು? ಅಲ್ಲಿ ನೀನೇ ಇಲ್ಲವಲ್ಲ."

ವಿಶಾಲಾಕ್ಷಿಗೆ ಸಿಟ್ಟು ಬಂತು. "ಹೇಳೋದು ಸುಲಭ ಅಮ್ಮಾ. ನಿಮ್ಮ ಹೆಸರು ರೇಡಿಯೋದಲ್ಲಿ ಯಾವತ್ತಾದ್ರೂ ಹೇಳ್ತಿದ್ರಾ? ಸದ್ದು ಮಾಡೋರ ಹೆಸರು ಯಾರು ಹೇಳ್ತಾರೆ?"

"ಹೇಳಿಸಿದೆ."

"ಹೇಗೆ?"

ಹಾಲಮ್ಮ ಸೀರೆ ಕಲ್ಲಿನ ಮೇಲಿಟ್ಟರು.

"ನೇರ ಪ್ರಸಾರ ಆಗ. ಐತಿಹಾಸಿಕ ನಾಟಕ. ರಾಜ ಶತ್ರುಗಳ ಮೇಲೆ ಹೊರಟ. 'ನಡೆ ಕುದುರೆಯೇ!' ಅಂದ. ನಾನು ಕರಟ ಕೆಳಗಿಟ್ಟೆ."

"ಅಮ್ಮಾ!"

"'ನಡೆ ಕುದುರೆಯೇ' ಅಂತ ಇನ್ನೊಂದು ಸಲ ಅಂದ ಪಾಪ. ಕುದುರೆ ನಿಂತಲ್ಲೇ ನಿಂತಿತ್ತು. ಗಾಜಿನ ಆಚೆ ಕೂತಿದ್ದ ರೇಡಿಯೋ ಸಾಹೇಬರು ಕೈ ಕೈ ಹಿಸುಕಿಕೊಂಡರು. ನಾನು ನನ್ನ ಎದೆ ಮುಟ್ಟಿ ತೋರಿಸಿದೆ. ನನ್ನ ಹೆಸರು ಹೇಳಿ ಅಂತ ಯಾವತ್ತಿಂದಲೋ ಕೇಳ್ತಾ ಇದ್ದದ್ದೇ, ಅವರಿಗೆ ಅರ್ಥ ಆಯ್ತು. ಕೈ ಮುಗಿದರು. ಕುದುರೆ ಹೊರಟಿತು."

"ಹೆಸರು ಹೇಳಿದ್ರಾ?"

"ಹೇಳಿದ್ರು. ತಪ್ಪಾಗಿ ಹೇಳಿದ್ರು. ಮುಂದಿನ ನಾಟಕದಲ್ಲೂ ಕುದುರೆ ಇತ್ತು. ಆಗ ಸರಿಯಾಗಿ ಹೇಳಿದ್ರು."

ವಿಶಾಲಾಕ್ಷಿ ನಕ್ಕಳು. ನಗುತ್ತಲೇ ಚೀಲದಿಂದ ಫೋನ್ ತೆಗೆದಳು. ಸ್ಪೀಕರ್ ಹಾಕಿ ಮೆಟ್ಟಿಲ ಮೇಲಿಟ್ಟಳು.

"ಏನಮ್ಮಾ?" ಪರಮಶಿವಯ್ಯನ ದನಿ ಬಂತು.

"ನನ್ನ ಹೆಸರು ವಾಪಸ್ ಹಾಕಿ."

"ನಿನ್ನೆ ನೀನೇ ತೆಗೀರಿ ಅಂದೆ!"

"ನಿನ್ನೆ ತಪ್ಪು ಹೇಳಿದೆ. ಇವತ್ತು ಸರಿ ಹೇಳ್ತಿದ್ದೀನಿ."

"ಹಂಗಾದ್ರ ಢಂ ಹಾಕ್ತಿ?"

"ಇಲ್ಲ."

"ಢಂ ಹಾಕಂಗಿಲ್ಲ, ಹೆಸರೂ ಬೇಕು. ಎರಡೂ ಬೇಕೇನು ನಿನಗ?"

"ಎರಡೂ ನಂದೇ."

ಪರಮಶಿವಯ್ಯ ಶುರು ಮಾಡಿದರು. ತಾನು ಎಷ್ಟು ಸಿನಿಮಾ ಮಾಡಿದವನು, ಎಂಥೆಂಥವರು ತನ್ನ ಮುಂದೆ ಕೈಕಟ್ಟಿ ನಿಂತರು, ಈಗಿನ ಹುಡುಗಿಯರಿಗೆ ದೊಡ್ಡವರು ಚಿಕ್ಕವರು ಅನ್ನೋದು ಹೇಗೆ ಇಲ್ಲ ಅಂತ ಹೇಳುತ್ತಾ ಹೋದರು.

ಹಾಲಮ್ಮ ಸೀರೆ ಎತ್ತಿಕೊಂಡರು. ಥಪ್.

ಪರಮಶಿವಯ್ಯ ಹೇಳುತ್ತಲೇ ಇದ್ದರು. ಥಪ್. ಥಪ್. ಅವರ ಮಾತಿಗೂ ತಾಳ ಸರಿಯಾಗಿ ಕೂತಿತು.

ಥಪ್.

ಹಾಲಮ್ಮ ಕೈ ನಿಲ್ಲಿಸಿದರು.

"ನಿನ್ನಂಥೋರನ್ನ ನಾನು ಭಾಳ ಮಂದಿ..." ಪರಮಶಿವಯ್ಯ ಅಲ್ಲಿಗೇ ನಿಂತರು.

ನದಿ ಹರಿಯುತ್ತಿತ್ತು.

"ಏನಾಯ್ತಮ್ಮಾ?"

ವಿಶಾಲಾಕ್ಷಿ ಹಾಲಮ್ಮನ ಮುಖ ನೋಡಿದಳು. ಬಾಯಿ ಬಿಡಲಿಲ್ಲ.

"ಹಲೋ? ಅಲ್ಲಿ ಯಾರೋ ಬಟ್ಟಿ ಒಗೀತಿದ್ರಲ್ಲ, ಅವರಿಗೇನಾಯ್ತು? ಹಲೋ! ಮಾತಾಡಮ್ಮಾ! ಯಾರಾರ ಬಿದ್ರೇನು?"

"ಯಾರೂ ಬಿದ್ದಿಲ್ಲ ಸರ್. ಅವರು ಚೆನ್ನಾಗಿದ್ದಾರೆ," ಅಂದಳು ವಿಶಾಲಾಕ್ಷಿ. "ನನ್ನ ಹೆಸರು ಹಾಕಿ."

ಆ ಕಡೆಯಿಂದ ಒಂದು ದೊಡ್ಡ ಉಸಿರು ಕೇಳಿಸಿತು.

"ಥತ್ ನಿನ್ನ! ಎದಿ ಒಡೆಸಿಬಿಟ್ಟಿದ್ದೆಲ್ಲ," ಅಂದರು ಪರಮಶಿವಯ್ಯ. ಅವರಿಗೆ ನಗು ಬಂದಿತ್ತು, ಅದನ್ನು ಬೈಗುಳದಲ್ಲಿ ಮುಚ್ಚಿಡಲು ನೋಡುತ್ತಿದ್ದರು. "ಹಾಕಿಸ್ತೀನಿ. ಢಂನೂ ಬ್ಯಾಡ, ಏನೂ ಬ್ಯಾಡ. ಫೋನ್ ಇಡು ಮಾರಾಯ್ತಿ."

ವಿಶಾಲಾಕ್ಷಿ ಎದ್ದು ನಿಂತು ಎರಡೂ ಕೈ ಮೇಲೆತ್ತಿ ಕೂಗಿದಳು. "ಅಮ್ಮಾ! ಹಾಕ್ತಾರಂತೆ! ಹೆಸರು ಹಾಕ್ತಾರಂತೆ!" ಆಚೆ ದಂಡೆಯ ಬೆಳ್ಳಕ್ಕಿಗಳು ಹಾರಿಹೋದವು.

ಹಾಲಮ್ಮ ತಲೆ ಎತ್ತಲಿಲ್ಲ. ಸೀರೆಯನ್ನು ನೀರಲ್ಲಿ ಜಾಲಾಡಿಸಿ ಮೇಲೆತ್ತಿದರು. ಕಬ್ಬಿಣದ ಬಳೆಯ ಕಡೆಗೆ ಹೋಗಲಿಲ್ಲ. ಒಂದು ತುದಿಯನ್ನು ತಾವು ಹಿಡಿದು, ಇನ್ನೊಂದನ್ನು ವಿಶಾಲಾಕ್ಷಿಯ ಕಡೆಗೆ ಎಸೆದರು.

"ಸಾಕು ಕೂಗಿದ್ದು. ಆ ತುದಿ ಹಿಡಿ."